ಹಾರ್ಲನ್ ಕೋಚ್ ಕೇಳದೆ ಬಿಟ್ಟ ಟೈಮ್‌ಔಟ್
ನಮ್ಮ ಅಲಬಾಮಾದ ಸಣ್ಣ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಕೋಚ್ ಹಾರ್ಲನ್ ಟೀಗ್, ಆಟ ನಿಲ್ಲಿಸಲು ತಂಡಕ್ಕೆ ಸಿಗುವ ಕೆಲವೇ ಟೈಮ್‌ಔಟ್‌ಗಳನ್ನು ಜಿಪುಣನಂತೆ ಕೂಡಿಡುವ ಮನುಷ್ಯ. ಎದುರಾಳಿ ಹುಡುಗ ಗೆಲುವಿನ ಒದೆತಕ್ಕೆ ಕಾಲೆತ್ತುವ ಗಳಿಗೆಗೇ, ಅಡ್ಡ ಹಿಡಿದ ಅಂಗೈಗೆ ಇನ್ನೊಂದು ಕೈಯ ಬೆರಳುಗಳನ್ನು ಊರಿ ಆಟ ನಿಲ್ಲಿಸುತ್ತಿದ್ದರು. ಹುಡುಗ ಮತ್ತೆ ಸಿದ್ಧನಾದರೆ ಮತ್ತೆ ಅದೇ ಸನ್ನೆ. "ಕಾಯ್ಲಿ ಬಿಡು, ಕಾದಷ್ಟೂ ಕಾಲು ನಡುಗ್ತದೆ" ಎಂದು ಸಹಾಯಕನಾದ ನನಗೆ ಹೇಳುವರು. "ಏ ಮುದುಕಪ್ಪ, ನಾಳೆ ಚರ್ಚಿಗಾದ್ರೂ ಹೋಗೋಕೆ ಬಿಡ್ತೀಯೋ ಇಲ್ವೋ" ಎಂದು ಜನ ಕೂಗಿದರೆ ಟೋಪಿ ಎತ್ತುವರು. ಮನೆಯಲ್ಲಿ ಹೆಂಡತಿ ಲುರೀನ್ ಕೋಳಿಯ ಕೊನೆಯ ತುಂಡಿಗೆ ಕೈ ಹಾಕಿದರೂ ಅದೇ ಸನ್ನೆ. ಆಕೆ ನಗುತ್ತ ಕಾಯುವಳು. ಸಾಲಾಗಿ ಎರಡು ಟೈಮ್‌ಔಟ್ ಕೇಳುವಂತಿಲ್ಲ ಎಂಬ ಹೊಸ ನಿಯಮ ಬಂದಾಗ "ನನ್ನ ಒಂದು ಕೈ ಕಡಿದ್ರಲ್ಲೋ" ಎಂದು ವಾರವಿಡೀ ಗೊಣಗಿದರು. ಈ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ, ಇನ್ನು ಎಚ್ಚರಗೊಳ್ಳಲಾರಳೆಂದು ಖಚಿತವಾಗಿದ್ದ ಲುರೀನಳ ಉಸಿರಾಟದ ಯಂತ್ರ ನಿಲ್ಲಿಸಲು ಡಾಕ್ಟರು ಕೈಚಾಚಿದಾಗ, ಕೋಚ್ ಕೈಗಳು ತಾವಾಗಿಯೇ ಆ ಸನ್ನೆ ಮಾಡಿದವು. ಡಾಕ್ಟರು ಕಾದರು. ಕೋಚ್ ಆಕೆಯ ಕೂದಲು ನೇವರಿಸಿ ಹಣೆಗೆ ಮುತ್ತಿಟ್ಟರು. ಡಾಕ್ಟರು ಮತ್ತೆ ಕೈಚಾಚಿದರು. ಕೋಚ್ ಕೈಗಳು ಎದೆಯವರೆಗೆ ಬಂದು ಅಲ್ಲೇ ನಿಂತವು. "ಸಾಲಾಗಿ ಎರಡು ಕೊಡಲ್ಲ ಅಲ್ವೇನೋ" ಎಂದರು ಪಕ್ಕದಲ್ಲಿ ನಿಂತಿದ್ದ ನನಗೆ, ಕೈಗಳನ್ನು ಕೆಳಗಿಳಿಸುತ್ತ.