ಅತ್ತೆ ನಡೆದು ನೋಡಿದ ನೆಲ

ನಮ್ಮ ಅತ್ತೆಗೆ ದೇವರ ಮೇಲೆ ಅರ್ಧ ನಂಬಿಕೆ, ನನ್ನ ಮೇಲೆ ಅದೂ ಇಲ್ಲ. ತನ್ನ ಅಂಗಾಲಿನ ಮೇಲೆ ಮಾತ್ರ ಪೂರ್ತಿ ನಂಬಿಕೆ. ವರ್ತೂರಿನಲ್ಲಿ ನಾವಿನ್ನೂ ರಾಗಿ ಬೆಳೆಯುತ್ತಿದ್ದಾಗ, ಕಣಕ್ಕೆ ಸಗಣಿ ಸಾರಿಸಿ ಒಣಗಿದ ಮೇಲೆ ಮೊದಲು ಅದರ ಮೇಲೆ ಬರಿಗಾಲಲ್ಲಿ ನಡೆಯೋದು ಮನೆಯ ಹಿರೀ ಹೆಂಗಸು. ಎಲ್ಲಿ ಕಲ್ಲು ಚುಚ್ಚುತ್ತೋ ಅಲ್ಲಿ ನಿಂತು "ಇಲ್ಲಿ" ಅನ್ನಬೇಕು, ಉಳಿದವರು ಬಗ್ಗಿ ಕಿತ್ತು ಎಸೆಯಬೇಕು. ಕಲ್ಲು ರಾಗಿಗೆ ಸೇರಿದರೆ ಮುದ್ದೆ ನುಂಗುವಾಗ ಗೊತ್ತಾಗುತ್ತಲ್ಲ, ಅದಕ್ಕೆ. ಮದುವೆಯಾಗಿ ಬಂದ ವರ್ಷ ನಾನು ಗೊತ್ತಿಲ್ಲದೆ ಅವರಿಗಿಂತ ಮೊದಲು ಕಣಕ್ಕೆ ಕಾಲಿಟ್ಟುಬಿಟ್ಟೆ. ಅಬ್ಬಬ್ಬಾ! ಅವತ್ತಿನ ಬೈಗುಳದಲ್ಲಿ ನನ್ನ ತವರಿನ ಕೋಳಿಗಳನ್ನೂ ಬಿಡಲಿಲ್ಲ.

"ಕಣ ನಡೆಯೋಳು ಮನೆ ಯಜಮಾನಿ ಕಣಮ್ಮಿ. ನಾನ್ ಸತ್ ಮ್ಯಾಕೆ ನೀನ್ ನಡ್ಕೋ" ಅಂದರು.

ಆಮೇಲೆ ರಾಗಿ ನಿಂತಿತು, ಸೊಪ್ಪು ಬಂತು, ಕೆರೆ ನೀರು ಕೆಟ್ಟು ಅದೂ ನಿಂತಿತು. ನೊರೆ ಮಾತ್ರ ಗಾಳಿಗೆ ಹಾರಿ ರಸ್ತೆವರೆಗೂ ಬರುತ್ತಿತ್ತು, ಮಾರೋಕಾಗುತ್ತಾ ಅದನ್ನ? ಕೊನೆಗೆ ಆ ಹಳೇ ಕಣದ ಜಾಗದಲ್ಲಿ ತಗಡಿನ ಶೆಡ್ ಹಾಕಿ ಬ್ಯಾಡ್ಮಿಂಟನ್ ಕೋರ್ಟ್ ಮಾಡೋಣ ಅಂದರು ನಮ್ಮೆಜಮಾನರು. ಅವರ ತಲೆಯಲ್ಲಿ ಹುಟ್ಟಿದ ಐಡಿಯಾಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ಸುತ್ತಲೂ ಅಪಾರ್ಟ್‌ಮೆಂಟು. ಕಂಪನಿ ಜನಕ್ಕೆ ಕೂತು ಕೂತು ಹೊಟ್ಟೆ ಬಂದಿದೆ, ಅದನ್ನ ಕರಗಿಸೋಕೆ ಜಾಗ ಬೇಕು. ಹೊಟ್ಟೆ ಅವರದ್ದು, ಜಾಗ ನಮ್ಮದು.

ಜಾಗ ನಮ್ಮದು ಅಂದರೆ ಅತ್ತೆಯದು. ಅವರು ಒಂದೇ ಒಂದು ಷರತ್ತು ಹಾಕಿದರು. "ನೆಲ ಆದ್ ಮ್ಯಾಕೆ ಮೊದ್ಲು ನಾನ್ ನಡೀತೀನಿ. ನನ್ ಕಾಲು ಒಪ್ಪಿದ್ರೆ ಬಾಗ್ಲು ತೆಗೀರಿ. ಇಲ್ದಿದ್ರೆ ತಗಡು ಕಿತ್ತಾಕಿ ಸೊಪ್ಪು ಚೆಲ್ತೀನಿ." ಸುಮ್ಮನೆ ಹೆದರಿಸೋ ಜನ ಅಲ್ಲ. ಒಂದು ಸಲ ಮಗನ ಮೇಲಿನ ಸಿಟ್ಟಿಗೆ ಹೊಸ ಮೋಟರನ್ನ ಬಾವಿಗೇ ತಳ್ಳಿದವರು.

ಮರದ ಹಲಗೆ ಕೂರಿಸೋಕೆ ಬಂದ ಆಚಾರಿ ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯೋ ಗನ್ನು, ಅದಕ್ಕೆ ಗಾಳಿ ತುಂಬೋ ಕರೆಂಟಿನ ಮಿಷನ್ನು ತಂದಿದ್ದ. ಟಪ್ ಟಪ್ ಅಂತ ಹೊಡೆದುಕೊಂಡು ಹೋದ. ಆದರೆ ನಮ್ಮ ಕರೆಂಟು ನಿಮಗೆ ಗೊತ್ತಲ್ಲ, ಬಂದ ನೆಂಟರ ಹಾಗೆ, ಕೂತಿತು ಅನ್ನೋ ಅಷ್ಟರಲ್ಲಿ ಹೊರಟಿತು. ಹೋದಾಗಲೆಲ್ಲ ಗಾಳಿ ಇಳಿದು, ಮೊಳೆ ಪೂರ್ತಿ ಒಳಗೆ ಹೋಗದೆ ತಲೆ ಎತ್ತಿಕೊಂಡು ನಿಲ್ಲುತ್ತಿತ್ತು. ಬೆಳ್ಳಂದೂರಲ್ಲಿ ಇನ್ನೊಂದು ಕೆಲಸ ಒಪ್ಪಿಕೊಂಡಿದ್ದ ಆ ಮಹಾನುಭಾವ "ಅಕ್ಕಾ, ಎದ್ದಿರೋದಕ್ಕೆ ಒಂದೊಂದು ಏಟು ಹಾಕ್ಕೊಂಬಿಡಿ" ಅಂತ ನನ್ನ ಕೈಗೆ ಪಂಚು ಕೊಟ್ಟು ಜಾಗ ಖಾಲಿ ಮಾಡಿದ.

ಪಂಚು ಅಂದರೆ ಬೆರಳುದ್ದದ ಉಕ್ಕಿನ ಕಡ್ಡಿ, ಅಷ್ಟೇ. ತುದಿ ಚೂಪಾಗುತ್ತಾ ಬಂದು, ಕೊನೆಯಲ್ಲಿ ಒಂದು ಸಣ್ಣ ಗುಳಿ. ಆ ಗುಳಿಯನ್ನ ಮೊಳೆಯ ತಲೆ ಮೇಲೆ ಕೂರಿಸಿ ಸುತ್ತಿಗೆಯಿಂದ ಒಂದು ಕೊಟ್ಟರೆ, ಮೊಳೆ ಹಲಗೆಗಿಂತ ಒಂದು ಕೂದಲೆಳೆ ಕೆಳಗೆ ಇಳಿಯುತ್ತೆ. ಮೇಲೆ ಪುಟ್ಟಿ ಮೆತ್ತಿದರೆ ಮುಗೀತು. ಯಜಮಾನರು "ಇದಕ್ಕೆಲ್ಲ ಪಂಚು ಯಾಕೆ" ಅಂತ ಸುತ್ತಿಗೆಯಲ್ಲೇ ನೇರವಾಗಿ ಬಾರಿಸಿದರು. ಮೊಳೆ ಅಲ್ಲೇ ಇತ್ತು, ಹೊಸ ಹಲಗೆ ಮೇಲೆ ಅರ್ಧಚಂದ್ರ ಮೂಡಿತು. ನಾನು ಅವರಿಗೂ ಅರ್ಧಚಂದ್ರ ಪ್ರಯೋಗ ಮಾಡಿ ಹೊರಗೆ ಕಳಿಸಿ, ನಾನೇ ಮಂಡಿಯೂರಿದೆ.

ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಬಲೇ ಖುಷಿ ಕೊಟ್ಟಿತು. ಒಂದು ಮೊಳೆಗೆ ನಾದಿನಿಯ ಹೆಸರು, ಇನ್ನೊಂದಕ್ಕೆ ಚಿಕ್ಕತ್ತೆಯ ಹೆಸರು, ಗೋಡೆ ಪಕ್ಕದ ಇಡೀ ಸಾಲು ನಮ್ಮತ್ತೆಗೇ ಮೀಸಲು. ಬೆನ್ನು ಬಿದ್ದುಹೋಯಿತು, ಮನಸ್ಸು ಹಗುರಾಯಿತು. ಯಾವುದಾದರೂ ತಪ್ಪಿಹೋಗಿದೆಯಾ ನೋಡೋಕೆ ನನ್ನದೊಂದು ಹಳೇ ನೈಲಾನ್ ಸೀರೆಯನ್ನ ಹಲಗೆ ಮೇಲೆ ಎಳೆದುಕೊಂಡು ಹೋಗೋಣ, ಮೊಳೆ ಎದ್ದಿದ್ದರೆ ನೂಲು ಸಿಕ್ಕಿಕೊಳ್ಳುತ್ತೆ ಅಂದೆ.

"ಸೀರೆಗೇನ್ ಗೊತ್ತೈತೆ? ನನ್ ಕಾಲಿಲ್ವಾ?" ಅಂದರು ಅತ್ತೆ. ಸೀರೆ ಮಡಚಿ ಒಳಗಿಟ್ಟೆ.

ಭಾನುವಾರ ಬೆಳಗ್ಗೆಗೆ ಪಕ್ಕದ ಅಪಾರ್ಟ್‌ಮೆಂಟಿನವರು ಬುಕ್ ಮಾಡಿದ್ದರು. ಶನಿವಾರ ಪೂಜೆ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದು, ಕುಂಕುಮ ಚೆಲ್ಲಾಡಿ, ಅತ್ತೆ ಸೀರೆ ಎತ್ತಿ ಸಿಕ್ಕಿಸಿ ನಡೆಯೋಕೆ ಶುರು ಮಾಡಿದರು. ಈ ಗೋಡೆಯಿಂದ ಆ ಗೋಡೆಗೆ, ಹಲಗೆ ಹಲಗೆಯೂ ಬಿಡದೆ. ನಾನು ಕೈಯಲ್ಲಿ ಪಂಚು, ಸುತ್ತಿಗೆ ಹಿಡಿದು ಅವರು "ಇಲ್ಲಿ" ಅನ್ನೋದನ್ನೇ ಕಾಯುತ್ತಿದ್ದೆ. ಅವರು ಒಂದು ಸಲವೂ ಅನ್ನಲಿಲ್ಲ. ಕೊನೇ ಗೋಡೆ ಮುಟ್ಟಿ ತಿರುಗಿ "ಬೆಣ್ಣೆ ಇದ್ದಂಗೈತೆ" ಅಂದರು. ಆ ಬಾಯಿಂದ ನನ್ನ ಕೆಲಸಕ್ಕೆ ಬಂದ ಮೊದಲ ಹೊಗಳಿಕೆ. ಖುಷಿಗೆ ಕಣ್ಣಲ್ಲಿ ನೀರು ಬಂತು ಅಂದರೆ ನಂಬಿ.

ಅವರ ಹಿಂದೆಯೇ ಬಟ್ಟೆ ಹಿಡಿದು ಒರೆಸಿಕೊಂಡು ಬರುತ್ತಿದ್ದ ಯಜಮಾನರು ಗೊಣಗಿದರು. "ಏನಮ್ಮಾ, ಕುಂಕುಮ ತುಳ್ಕೊಂಡು ಬಂದು ಹೊಸಾ ನೆಲವೆಲ್ಲ ಕೆಂಪು ಮಾಡ್ಬಿಟ್ಯಲ್ಲ!"

ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಒರೆಸಿಯೂ ಆಗಿತ್ತು. ನಾನು ಅತ್ತೆಯ ಕಾಲ ಹತ್ತಿರ ಉಳಿದಿದ್ದ ಒಂದು ಕಲೆ ಮುಟ್ಟಿದೆ. ಅಂಟಂಟು. ಕುಂಕುಮ ಅಂಟಲ್ಲ. "ಕಾಲೆತ್ತಿ ಅತ್ತೆ" ಅಂದೆ. ಅಂಗಾಲಿನಲ್ಲಿ ಹೆಬ್ಬೆರಳ ಬುಡದಿಂದ ಸೀಳಿಕೊಂಡು ಬಂದಿತ್ತು, ರಕ್ತ ಸುರಿಯುತ್ತಿತ್ತು.

"ಯಾವಾಗಾಯ್ತು ಇದು?" ಅಂತ ಅತ್ತೆ ನನ್ನನ್ನೇ ಕೇಳಿದರು.

ಡಾಕ್ಟರ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋದೆವು. ಆ ಡಾಕ್ಟರು ಗಾಯ ಕಟ್ಟಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಒಂದು ಪಿನ್ನು ತೆಗೆದುಕೊಂಡು "ಅಜ್ಜಿ, ಕಣ್ಮುಚ್ಚಿ, ಚುಚ್ಚಿದ ತಕ್ಷಣ ಹೇಳಿ" ಅಂದರು. ಅತ್ತೆ ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ರೇಗಿದರು. "ಚುಚ್ಚಪ್ಪಾ ಬೇಗ, ಎಷ್ಟೊತ್ತು ಕಾಯ್ಲಿ?" ಡಾಕ್ಟರು ಆಗಲೇ ಎರಡು ಕಾಲಿಗೂ ಚುಚ್ಚಿ ಮುಗಿಸಿ ಪಿನ್ನು ಎಸೆದಿದ್ದರು. ಸಕ್ಕರೆ ಕಾಯಿಲೆ, ಎಷ್ಟು ವರ್ಷದಿಂದ ಇತ್ತೋ, ಕಾಲಿನ ಸ್ಪರ್ಶ ಹೋಗಿಬಿಟ್ಟಿದೆ, ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದು ಅಂದರು. ನಾನು ಅತ್ತೆಯ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಆ ಹೆಂಗಸಿನ ಮುಂದೆ ಅಳೋದಾ?

ಮಾರನೇ ಬೆಳಗ್ಗೆ ಆಟದವರು ಬರೋ ಮೊದಲೇ ಅತ್ತೆ ಶೆಡ್ಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಕಾಲಿಗೆ ಪಟ್ಟಿ, ಅದರ ಮೇಲೆ ಮಗನ ದೊಡ್ಡ ಹವಾಯಿ ಚಪ್ಪಲಿ. ಆ ಜಾಗದಲ್ಲಿ ಅವರು ಚಪ್ಪಲಿ ಮೆಟ್ಟಿದ್ದನ್ನ ನಾನು ಅದೇ ಮೊದಲು ನೋಡಿದ್ದು. ಅವರನ್ನ ಸೀಳಿದ ಮೊಳೆ ಇನ್ನೂ ಎಲ್ಲೋ ಎದ್ದು ನಿಂತಿತ್ತು. ಎಲ್ಲಿ ಅಂತ ಅವರಿಗೆ ಗೊತ್ತಿರಲಿಲ್ಲ, ರಕ್ತದ ಗುರುತನ್ನ ಅವರ ಮಗರಾಯ ನಿಷ್ಠೆಯಿಂದ ಒರೆಸಿದ್ದ. ಯಾರಾದರೂ ಆಡೋಕೆ ಹೋಗಿ ಅದರ ಮೇಲೆ ಬಿದ್ದರೆ ಮಂಡಿ ಹರಿದುಹೋಗುತ್ತೆ. ನಾನು ಸೀರೆ ತರೋಕೆ ಹೊರಟೆ.

"ಸೀರೆ ಬ್ಯಾಡ" ಅಂದರು. "ಚಪ್ಲಿ ಬಿಡು. ನಡಿ."

"ನಾನಾ ಅತ್ತೆ?"

"ಇನ್ನೇನ್ ನಿಮ್ಮಪ್ಪನ್ನ ಕರೀಲಾ? ನಡಿಯಮ್ಮಿ."

ನಡೆದೆ. ಕೈಯಲ್ಲಿ ಪಂಚು, ಸುತ್ತಿಗೆ, ತಣ್ಣನೆ ಹಲಗೆ ಮೇಲೆ ಕಾಲು ಮೆಲ್ಲಗೆ ಎಳೆದುಕೊಂಡು. ಬೆನ್ನಿಗೆ ಅವರ ಕಣ್ಣು ನಾಟಿತ್ತು. ಮೂಲೆ ಹತ್ತಿರ, ಗೋಡೆ ಪಕ್ಕದ ಸಾಲಿನಲ್ಲೇ, ಚುರುಕ್ ಅಂತು.

"ಅಯ್ಯೋ! ಇಲ್ಲಿ!"

"ನೋಯ್ತಾ?" ಅಂದರು ಅತ್ತೆ.

"ನೋಯ್ತು ಅತ್ತೆ."

ಅವರು ತಮ್ಮ ಕಾಲಿನ ಪಟ್ಟಿ ನೋಡಿಕೊಂಡರು.

"ಪುಣ್ಯವಂತೆ ಕಣೇ ನೀನು" ಅಂದರು. "ಹೂಂ, ಹೊಡಿ."

ನಾನು ಮಂಡಿಯೂರಿ ಆ ಮೊಳೆಯ ಮೇಲೆ ಪಂಚು ಇಟ್ಟೆ.