ಬಿಳಿ ಕಣ್ಣಿನ ನೊಣಗಳ ವರ್ಗಾವಣೆಯ ಕುರಿತು

ಮಾನ್ಯ ಓದುಗರಲ್ಲಿ ವಿನಮ್ರ ಅರಿಕೆ. ನನ್ನ ಅಕ್ಷರ ಕೋಳಿ ಕೆದರಿದಂತಿದೆ. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಶಾಲೆಯ ದಿನಗಳಿಂದಲೂ ನನಗೆ ಅನುಮಾನ. ಇವೆರಡನ್ನೂ ಮೊದಲಿಗೇ ಮನ್ನಿಸಬೇಕು. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ನಾನು ಬರೆದದ್ದು ಕಚೇರಿಯ ಪತ್ರಗಳನ್ನು ಮಾತ್ರ. ಬೇರೆ ರೀತಿ ತಿಳಿಯದ ಕಾರಣ ತಿಳಿದ ರೀತಿಯಲ್ಲೇ ನಿವೇದಿಸಿಕೊಳ್ಳುತ್ತೇನೆ.

ವಿಷಯ: ನನ್ನ ಹೆಂಡತಿಗೆ ಪಿಎಚ್.ಡಿ. ಮಾರ್ಗದರ್ಶಕರು ದೊರೆತ ಬಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಎಂಬತ್ತರ ದಶಕದ ಕೊನೆಯಲ್ಲಿ ನನಗೆ ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. "ಊರು ಯಾವುದಾದ್ರೂ ಆಗ್ಲಿ ರೀ, ನಂಗೊಬ್ರು ಗೈಡ್ ಸಿಕ್ರೆ ಸಾಕು" ಎಂಬುದೇ ಅವಳ ಏಕೈಕ ಬೇಡಿಕೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾವಿಬ್ಬರೂ ಸಮುದ್ರದ ಮಗ್ಗುಲಿನ ಗುಡ್ಡದ ಮೇಲಿದ್ದ ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆವು. ಅವಳು ಪ್ರಾಧ್ಯಾಪಕರನ್ನು ಕಾಣಲು, ನಾನು ಅವಳ ಪ್ರಮಾಣಪತ್ರಗಳ ಚೀಲ ಹಿಡಿಯಲು.

ಆ ಶನಿವಾರಗಳ ಸಂತೋಷವನ್ನು ಯಾವ ಒಕ್ಕಣೆಯಲ್ಲಿ ಹೇಳಲಿ! "ತಮ್ಮ ಸಂಶೋಧನೆಯ ಆಸಕ್ತಿ ಯಾವುದು ಸಾರ್?" ಎಂದು ಕೇಳಿದರೆ ಸಾಕು, ಗಂಭೀರವಾಗಿ ಕುಳಿತಿದ್ದ ಹಿರಿಯರು ಹಬ್ಬದ ದಿನದ ಮಕ್ಕಳಾಗಿಬಿಡುತ್ತಿದ್ದರು. ಒಬ್ಬರು ನಮ್ಮನ್ನು ಕಿಟಕಿಗೆ ಎಳೆದೊಯ್ದು ದೂರದ ಹಡಗುಗಳನ್ನು ತೋರಿಸಿ, "ಅವುಗಳ ತಳಕ್ಕೆ ಅಂಟಿಕೊಳ್ಳುವ ಚಿಪ್ಪುಜೀವಿಗಳೆಲ್ಲ ನನ್ನವು" ಎಂದರು, ಜಮೀನು ತೋರಿಸುವವರ ಠೀವಿಯಲ್ಲಿ. ಮೀನಿನ ಹೊಟ್ಟೆಯ ಹುಳುಗಳ ಬಗ್ಗೆ ಊಟದ ಹೊತ್ತು ಮೀರುವವರೆಗೂ ಮಾತನಾಡಿದ ಇನ್ನೊಬ್ಬರು ಸ್ವತಃ ಶುದ್ಧ ಸಸ್ಯಾಹಾರಿಗಳು. ಮೂರನೆಯವರ ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಕ್ಕೆ ನಾನು ಸಲಿಗೆಯಿಂದ ಕೈ ಚಾಚಿದಾಗ ಅವರು ಹೌಹಾರಿ ತಡೆದರು. ಅವರ ಆಸಕ್ತಿ ಚೇಳಿನ ವಿಷ.

ಆದರೆ ಎಲ್ಲರ ಕೊನೆಯ ಮಾತೂ ಒಂದೇ. "ಮೀ ವಾರು, ನಿಮ್ಮ ಯಜಮಾನರು, ಬ್ಯಾಂಕಿನವರಲ್ಲವೇ ಅಮ್ಮಾ? ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅರ್ಧಕ್ಕೆ ಬಿಟ್ಟುಹೋದರೆ ನಮ್ಮ ಗತಿ?"

ಅಂದರೆ ಅಡಚಣೆ ನಾನೇ. ಚೀಲ ಹಿಡಿದು ತಲೆ ತಗ್ಗಿಸುತ್ತಿದ್ದೆ.

ಕಡೆಗೆ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಿದ್ದ ಪ್ರಾಧ್ಯಾಪಕಿಯೊಬ್ಬರ ಬಾಗಿಲಿಗೆ ಹೋದೆವು. ಒಳಗೆ ಕಾಲಿಡುತ್ತಲೇ ಹೆಂಡತಿ ಮೂಗರಳಿಸಿ, "ರೀ, ಸಜ್ಜಿಗೆ!" ಎಂದಳು. ಸಜ್ಜಿಗೆಯೇ ಹೌದು. ಗೋಧಿ ರವೆ, ಅನಕಾಪಲ್ಲಿಯ ಬೆಲ್ಲ, ಜೊತೆಗೆ ಅದು ಗಟ್ಟಿಯಾಗಲೆಂದು ಕಡಲಪಾಚಿಯ ಪುಡಿ. ಹಾಲಿನ ಬಾಟಲಿಗಳ ತಳಕ್ಕೆ ಅದನ್ನು ಹೊಯ್ದು, ನೊಣಗಳನ್ನು ಬಿಟ್ಟು, ಬಾಯಿಗೆ ಹತ್ತಿ ತುರುಕಿದ್ದರು. ಅಂದಿನ ಪಾಕ ಮಾತ್ರ ಗಂಟುಗಂಟಾಗಿತ್ತು. ಹೆಂಡತಿ ಸೆರಗು ಸಿಕ್ಕಿಸಿ, ರವೆ ಹುರಿದು, ಮೊದಲಿನಿಂದ ಕಾಯಿಸಿಕೊಟ್ಟಳು. ಪ್ರಾಧ್ಯಾಪಕಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಚಾಲಾ ಬಾಗುಂದಿ" ಎಂದು ಮೆಚ್ಚಿಕೊಂಡರು. ಬಿಳಿ ಕಣ್ಣಿನ ನೊಣಗಳ ಒಂದು ವಂಶವನ್ನು ಅವಳ ವಶಕ್ಕೆ ಕೊಟ್ಟು, "ಬೇಸಿಗೆ ದಾಟಿಸು. ಹೊರಗೆ ಹಾರಾಡುವ ಮಾಮೂಲಿ ಕೆಂಪು ಕಣ್ಣಿನದೊಂದೂ ಬೆರೆಯಬಾರದು. ದಾಟಿಸಿದರೆ ನಿನ್ನ ಅರ್ಜಿಗೆ ಸಹಿ ಹಾಕುತ್ತೇನೆ" ಎಂದರು.

ಇದಾದ ಕೆಲವೇ ವಾರಗಳಲ್ಲಿ, ನನ್ನನ್ನು ವಿಜಯವಾಡಕ್ಕೆ, ಅಲ್ಲಿನವರ ಬಾಯಲ್ಲಿ ಬೆಜವಾಡಕ್ಕೆ, ವರ್ಗಾಯಿಸಲಾಗಿದೆಯೆಂಬ ಆದೇಶ ಬಂತು.

ಹೆಂಡತಿ ಅಳಲಿಲ್ಲ. ನೇರ ಪ್ರಾಧ್ಯಾಪಕಿಯ ಬಳಿಗೆ ಹೋಗಿ, "ಮೇಡಂ, ನನ್ನ ಜೊತೆ ಇವುಗಳಿಗೂ ವರ್ಗ ಕೊಡಿ" ಎಂದಳು. ಅವರು ಬಹಳ ಹೊತ್ತು ನಕ್ಕರು. "ಬೆಜವಾಡದ ಬಿಸಿಲಿಗೆ ಗಂಡು ನೊಣಗಳ ಸಂತಾನಶಕ್ತಿಯೇ ಹೋಗುತ್ತದಮ್ಮಾ! ಮೇ ತಿಂಗಳಲ್ಲಿ ಅಲ್ಲಿನ ಕಾಲೇಜಿಗೆ ಪರೀಕ್ಷಕಳಾಗಿ ಬರುತ್ತೇನೆ. ಆಗ ಬದುಕಿದ್ದರೆ ನೋಡೋಣ."

ರೈಲಿನಲ್ಲಿ ಬಾಟಲಿಗಳ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಎದುರಿನ ಅಜ್ಜಿಯೊಬ್ಬರು ಬೆಲ್ಲದ ವಾಸನೆಗೆ ಕೈ ಜೋಡಿಸಿ, "ಪ್ರಸಾದಮಾ ಅಂಡಿ?" ಎಂದು ಕೇಳಿದರು. ಹೆಂಡತಿ ಬಟ್ಟೆ ಸರಿಸಿ, "ಪ್ರಸಾದವೇ ಅಮ್ಮಾ, ಆದರೆ ಇವರು ಆಗಲೇ ಎಂಜಲು ಮಾಡಿದ್ದಾರೆ" ಎಂದು ನೊಣಗಳನ್ನು ತೋರಿಸಿದಳು. ಅಜ್ಜಿ ಸೀಟು ಬದಲಾಯಿಸಿದರು. ನಮಗೆ ಕಾಲು ಚಾಚಲು ಸ್ಥಳವಾಯಿತು.

ವಿಜಯವಾಡದಲ್ಲಿ ಬೆಂಜ್ ಸರ್ಕಲ್ಲಿನ ಹತ್ತಿರ ಮನೆ. ತಂಪಿಗೆಂದು ಒದ್ದೆ ಮರಳಿನ ತಟ್ಟೆಯಲ್ಲಿ ಬಾಟಲಿಗಳು. ಏಪ್ರಿಲ್ ಹೇಗೋ ಕಳೆಯಿತು. ಅಷ್ಟರಲ್ಲಿ ಮೈಸೂರಿನಿಂದ ನನ್ನ ತಾಯಿ ಬಂದರು. ಒಂದು ಮಧ್ಯಾಹ್ನ ಸೊಸೆ ಜ್ವರದಿಂದ ಮಲಗಿದ್ದಾಗ, ಕನಿಕರದಿಂದ ತಾವೇ ನೊಣಗಳ ಸಜ್ಜಿಗೆ ಮಾಡಿ, ಹೊಸ ಬಾಟಲಿಗಳಿಗೆ ತುಂಬಿ, ಸೊಸೆ ಮಾಡುತ್ತಿದ್ದಂತೆಯೇ ನೊಣಗಳನ್ನು ದಾಟಿಸಿದರು. ಸಂಜೆಯ ಹೊತ್ತಿಗೆ ನೊಣಗಳೆಲ್ಲ ರೆಕ್ಕೆ ಅಂಟಿಕೊಂಡು ಸತ್ತುಬಿದ್ದಿದ್ದವು.

"ಅಮ್ಮಾ, ಏನು ಹಾಕಿದ್ರಿ ಇದಕ್ಕೆ?" ಎಂದು ನಾನು ಕೇಳಿದೆ.

"ಏನು ಹಾಕ್ತಾರಪ್ಪ? ತುಪ್ಪ, ಏಲಕ್ಕಿ. ತುಪ್ಪ ಇಲ್ದಿರೋ ಸಜ್ಜಿಗೇನ ನಮ್ಮನೇಲಿ ಯಾರಿಗಾದ್ರೂ ಬಡಿಸಿದ್ದುಂಟಾ?"

ಜ್ವರದಲ್ಲೇ ಎದ್ದುಬಂದ ಹೆಂಡತಿ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ತಟ್ಟೆಯ ಮೂಲೆಯಲ್ಲಿ ತಾಯಿಯ ಕಣ್ಣಿಗೆ ಬೀಳದ ಒಂದೇ ಒಂದು ಹಳೆಯ ಬಾಟಲಿ ಉಳಿದಿತ್ತು. ಅದರಲ್ಲಿ ಬೆರಳೆಣಿಕೆಯ ನೊಣಗಳು. ಮೇ ತಿಂಗಳು ಎದುರಿಗಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಶಾಖೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಗಾಜಿನ ಕೋಣೆ, ಹಗಲಿರುಳೂ ಏಸಿ. ಮನುಷ್ಯರಾದ ನಾವು ಹೊರಗೆ ಬೆಂದರೂ ಯಂತ್ರ ಬೆವರುವಂತಿರಲಿಲ್ಲ. ಬಾಟಲಿಯೊಂದಿಗೆ ಮ್ಯಾನೇಜರರ ಮುಂದೆ ನಿಂತೆ. ಅವರು ಕನ್ನಡಕ ಏರಿಸಿದರು.

"ಏಮಂಡೀ, ಇದು ಯಾವ ಡಿಪಾಸಿಟ್ಟು?"

"ಮೇ ತಿಂಗಳವರೆಗೆ ಮಾತ್ರ ಸಾರ್. ಅಸಲು ಕಡಿಮೆ ಇದೆ, ಬಡ್ಡಿ ಬೇಗ ಮರಿ ಹಾಕುತ್ತದೆ."

ವಿಷಯ ತಿಳಿದು ಅವರು ಮೇಜು ಗುದ್ದಿ ನಕ್ಕರು. ಕಂಪ್ಯೂಟರಿನ ಹಿಂದಿನ ಕಪಾಟನ್ನು ತಾವೇ ಖಾಲಿ ಮಾಡಿಸಿಕೊಟ್ಟರು. ಅಂದಿನಿಂದ ಇಡೀ ಶಾಖೆಯೇ ಹುಚ್ಚೆದ್ದಿತು. ಕ್ಯಾಷಿಯರ್ ಬೆಳಿಗ್ಗೆ ಬರುತ್ತಲೇ, "ಬಾಲೆನ್ಸ್ ಏರಿತಾ?" ಎಂದು ವಿಚಾರಿಸುತ್ತಿದ್ದರು. ಮೊದಲ ಮರಿಹುಳು ಗಾಜಿನ ಮೇಲೆ ತೆವಳಿದ ದಿನ ಎಲ್ಲರಿಗೂ ಕಾಫಿ. ಇಂದ್ರಕೀಲಾದ್ರಿಯ ದೇವಿಯ ಗುಡಿಗೆ ಹೋಗಿಬಂದ ಗುಮಾಸ್ತೆಯೊಬ್ಬರು ಬಾಟಲಿಗೆ ಕುಂಕುಮ ಹಚ್ಚಿದರು. ಒಂದು ಬಾಟಲಿ ನಾಲ್ಕಾಯಿತು.

ಪ್ರಾಧ್ಯಾಪಕಿ ಬಂದದ್ದು ರಸ್ತೆಯ ಟಾರು ಚಪ್ಪಲಿಗೆ ಹತ್ತುತ್ತಿದ್ದ ದಿನ. ನಾಲ್ಕೂ ಬಾಟಲಿಗಳನ್ನು ನಮ್ಮ ಊಟದ ಮೇಜಿನ ಮೇಲಿಟ್ಟೆವು. ಅವರು ನೊಣಗಳಿಗೆ ಮಂಪರು ಬರಿಸಿ, ಬಿಳಿ ಕಾಗದದ ಮೇಲೆ ಸುರಿದು, ಭೂತಗಾಜಿನಲ್ಲಿ ಒಂದೊಂದನ್ನೇ ನೋಡತೊಡಗಿದರು. ಹೆಂಡತಿ ನನ್ನ ಮೊಣಕೈ ಹಿಡಿದದ್ದು ಇಂದಿಗೂ ನೋಯುತ್ತದೆ.

"ಎಲ್ಲವೂ ಬಿಳಿ" ಎಂದರು ಅವರು ಕಡೆಗೆ. "ವರ್ಗವಾದರೂ ಬಿಡದವಳು ಅರ್ಧಕ್ಕೆ ಬಿಟ್ಟುಹೋಗುವವಳಲ್ಲ."

ಅದೇ ಘಳಿಗೆಗೆ ನನ್ನ ತಾಯಿ ಬಟ್ಟಲೊಂದನ್ನು ತಂದು ಅವರ ಮುಂದಿಟ್ಟರು. ಸಜ್ಜಿಗೆ. ಚಮಚ ಎತ್ತಿದ ಪ್ರಾಧ್ಯಾಪಕಿ ಬಾಟಲಿಗಳ ತಳ ನೋಡಿದರು, ಬಟ್ಟಲು ನೋಡಿದರು.

"ತುಪ್ಪ ಇದೆ ಕಣಮ್ಮ, ಇದು ನಿಮಗೇ" ಎಂದರು ತಾಯಿ.

ಅವರು ಎರಡು ಸಲ ಹಾಕಿಸಿಕೊಂಡು ತಿಂದು, ಅದೇ ಮೇಜಿನ ಮೇಲೆ ಅರ್ಜಿಗೆ ಸಹಿ ಮಾಡಿದರು. ಸಹಿಯ ಪಕ್ಕದಲ್ಲಿ ಒಂದು ತುಪ್ಪದ ಕಲೆಯೂ ಬಿತ್ತು. ವಿಶ್ವವಿದ್ಯಾಲಯ ಅದಕ್ಕೆ ಯಾವ ಆಕ್ಷೇಪವನ್ನೂ ಎತ್ತಲಿಲ್ಲ.

ಈ ಬರಹವನ್ನು ನನ್ನ ಹೆಂಡತಿ ಒಮ್ಮೆ ನೋಡಿ, ವಿಜ್ಞಾನದ ಮಟ್ಟಿಗೆ ಅಡ್ಡಿಯಿಲ್ಲ, ಕನ್ನಡಕ್ಕೆ ತಾನು ಜವಾಬ್ದಾರಳಲ್ಲ ಎಂದಿದ್ದಾಳೆ. ಆದ್ದರಿಂದ ಕಾಗುಣಿತದಲ್ಲಿ ಎಲ್ಲಾದರೂ ಕೆಂಪು ಕಣ್ಣಿನದೊಂದು ಬೆರೆತಿದ್ದರೆ, ಓದುಗರು ಭೂತಗಾಜು ಹಿಡಿದು ಹೆಕ್ಕಿ ತೆಗೆದು, ತಿದ್ದಿ ಓದಿಕೊಳ್ಳಬೇಕಾಗಿ ಕೋರಿಕೆ.