ತೊಟ್ಟಿಲ ಹೊರಗಿನ ಚುಕ್ಕಿ

ಆನೆಗೊಂದಿಯ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಹೊಳೆಯ ಮೇಲಿನ ಮಂಜು ಬಾಳೆತೋಟದೊಳಗೆ ಮೆಲ್ಲಗೆ ಬರುತ್ತಿದೆ. ಅಂಗಳದಲ್ಲಿ ಯಮನೂರಮ್ಮ, ಎದುರಿಗೆ ಸೊಸೆ ಅಮೃತಾ. ದಾರ ಸುತ್ತಿದ ಮೂರು ಸೂಜಿ ಹಿಡಿದು ಅಮೃತಾ ಹಚ್ಚೆ ಕಲಿಯಲು ಬಾಳೆದಿಂಡಿನ ಮೇಲೆ ತೊಟ್ಟಿಲಿನ ಚಿತ್ರ ಚುಚ್ಚುತ್ತಿದ್ದಾಳೆ. "ಮ್ಯಾಲ ಮ್ಯಾಲ ಚುಚ್ಚವ್ವ. ಆಳಕ್ಕ ಹೋದ್ರ ಹಚ್ಚಿ ಹಸರು ಹರಡತೈತಿ," ಎನ್ನುವ ಅತ್ತೆ ಹಾಡು ಗುನುಗತೊಡಗುತ್ತಾರೆ. ಹಾಡು ನೋವು ಮರೆಸಲಿಕ್ಕೆ. ದಿಂಡಿಗೇನು ನೋವು? ಆದರೂ ರೂಢಿ ಬಿಡದು.

ಅರವತ್ತಾರರ ಯಮನೂರಮ್ಮ ಹಚ್ಚೆ ಹಾಕುವವರು. ಕಲಿಸಿದ್ದು ತಾಯಿ. ದೀಪದ ಕಾಡಿಗೆ, ಸೊಪ್ಪಿನ ರಸ, ಸೂಜಿ, ಇಷ್ಟೇ ಸರಂಜಾಮು. ಒಂದು ಕಾಲಕ್ಕೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ದಿನಕ್ಕೆ ಎಂಟು ಹತ್ತು ಮಂದಿ ಇವರ ಮುಂದೆ ತೋಳು ಚಾಚುತ್ತಿದ್ದರು. ಈಗ ತಿಂಗಳಿಗೆ ಇಬ್ಬರು ಬಂದರೆ ಹೆಚ್ಚು. ಉಳಿದವರು ಗಂಗಾವತಿಗೆ ಹೋಗಿ ಮಷೀನಿನಲ್ಲಿ ಹಾಕಿಸಿಕೊಳ್ಳುತ್ತಾರೆ.

ಐದು ಸಾವಿರ ವರ್ಷಗಳ ಹಿಂದೆ ಹಿಮದಲ್ಲಿ ಹೂತುಹೋದ ಮನುಷ್ಯನೊಬ್ಬನ ಮೈಮೇಲೂ ಹಚ್ಚೆಯ ಗೆರೆಗಳು ಸಿಕ್ಕಿವೆ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು, ದೊಡ್ಡ ಸುದ್ದಿಯಂತೆ ಹೇಳುತ್ತೇನೆ. ಯಮನೂರಮ್ಮ ದಿಂಡಿನಿಂದ ಕಣ್ಣೆತ್ತುತ್ತಾರೆ.

"ಅವ್ಗ ಹಚ್ಚಿ ಹಾಕಿದಾಕಿ ಹೆಸರು ಸಿಕ್ತೇನ್ರಿ?"

ಅದನ್ನು ಯಾರೂ ಹುಡುಕಿಲ್ಲ.

ಅವರ ಎಡತೋಳಿನಲ್ಲಿ ತಾಯಿ ಹಾಕಿದ ತೊಟ್ಟಿಲಿದೆ. ಬದುಕಿರುವ ಮಕ್ಕಳಿಗೆ ತೊಟ್ಟಿಲೊಳಗೆ ಒಂದೊಂದು ಚುಕ್ಕಿ, ತೀರಿಹೋದ ಕೂಸಿಗೆ ಹೊರಗೊಂದು. ಇದು ಇವರ ಮನೆತನದ ಪದ್ಧತಿ. ಒಳಗೆ ಮಗನ ಚುಕ್ಕಿಯಿದೆ, ಹೊರಗೆ ಖಾಲಿ. ಎಂಟು ತಿಂಗಳ ಮಗಳು ತೀರಿಕೊಳ್ಳುವ ಹೊತ್ತಿಗೆ ಚುಕ್ಕಿ ಇಡಲು ತಾಯಿ ಇರಲಿಲ್ಲ. ಅಕ್ಕತಂಗಿಯರೂ ಇಲ್ಲ.

"ನಮ್ಮದು ನಾವ ಹಾಕ್ಕೊಳ್ಳಂಗಿಲ್ರಿ. ಮನಿ ಹೆಣ್ಮಗಳು ಕೂಸಿನ ಹೆಸರು ಹಿಡಿದು ಹಾಡ್ಕೋತ ಹಾಕ್ಬೇಕು. ಮಷೀನಿಗೆ ಹಾಡಕ್ಕ ಬರತೈತೇನು?"

ಅದಕ್ಕೇ ಎರಡು ವರ್ಷದ ಹಿಂದೆ ಮನೆ ತುಂಬಿದ ಸೊಸೆಗೆ ಈ ಪಾಠ. ಹಾಡು ಬಂದಿದೆ, ಕೈಗಿನ್ನೂ ಧೈರ್ಯ ಬಂದಿಲ್ಲ.

ಬಿಸಿಲು ಅಂಗಳಕ್ಕಿಳಿದಿದೆ. ಅಮೃತಾ ಕುದಿಸಿಟ್ಟ ಹೊಸ ಸೂಜಿ ಎತ್ತಿಕೊಳ್ಳುತ್ತಾಳೆ. ಯಮನೂರಮ್ಮ ಸೆರಗು ಸರಿಸಿ ತೋಳು ಚಾಚುತ್ತಾರೆ. ಚರ್ಮದ ಹತ್ತಿರ ತಂದ ಸೂಜಿಯನ್ನು ಅಮೃತಾ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

"ನಾಳೆ ಹಾಕ್ತೀನ್ರಿ, ಅತ್ತಿ."

ಅತ್ತೆ ಬೈಯುವುದಿಲ್ಲ. ಸೊಸೆಯ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಳ್ಳುತ್ತಾರೆ.

"ಆತವ್ವ. ಮೂವತ್ತೆಂಟು ವರ್ಷ ಚುಕ್ಕಿ ಇಲ್ದ ಹೊರಗ ಕುಂತೈತಿ ಕೂಸು. ಇನ್ನೊಂದು ದಿನ ಕುಂದರತೈತಿ."